ಮಡಚದ ಬೆರಳು

"ನಿಲ್ಲಿ! ಎಳೀಬೇಡಿ!"

ಬಿಲ್ಲು ಎತ್ತಿದವರ ಹತ್ತಿರ ಯಾರೂ ಮಾತಾಡುವುದಿಲ್ಲ. ಬಿಲ್ಲುಗಾರರ ಮೈದಾನದಲ್ಲಿ ಅದು ಎಲ್ಲರೂ ಪಾಲಿಸುವ ಕಟ್ಟಳೆ. ಕೆಮ್ಮು ಬಂದರೆ ನುಂಗಿಕೊಳ್ಳುತ್ತಾರೆ, ಸೀನು ಬಂದರೆ ಮೂಗು ಹಿಡಿದುಕೊಳ್ಳುತ್ತಾರೆ. ಅಂಥದ್ದರಲ್ಲಿ ಯಾರೋ ಗುರುತಿಲ್ಲದ ಗಂಡಸು ಅವಳ ಬೆನ್ನ ಹಿಂದೆ ನಿಂತು ಕೂಗಿದ್ದ!

ಅವಳು ಬಿಲ್ಲು ಇಳಿಸಿ ಸರ್ರನೆ ತಿರುಗಿದಳು.

"ಯಾರ್ರೀ ನೀವು? ಬಿಲ್ಲು ಎತ್ತಿದವರ ಹತ್ರ ಕೂಗಬಾರದು ಅಂತ ಅಷ್ಟೂ ಗೊತ್ತಿಲ್ವಾ?"

"ಗೊತ್ತು. ಬೈಯೋಕ್ಮುಂಚೆ ಒಂದ್ಸಲ ಹೆದೆ ನೋಡ್ಕೊಳ್ಳಿ."

ಹೆದೆಯ ನಡುವೆ ಬೆರಳ ತುದಿಯಷ್ಟು ದಾರದ ಕುಣಿಕೆ ಇರುತ್ತದೆ. ಎಳೆಯುವುದೆಲ್ಲ ಅದನ್ನು ಹಿಡಿದೇ. ಆ ಕುಣಿಕೆ ಸವೆದು ಒಂದೇ ಒಂದು ಎಳೆಯಲ್ಲಿ ನೇತಾಡುತ್ತಿತ್ತು! ಇನ್ನೊಂದಿಷ್ಟು ಎಳೆದಿದ್ದರೆ ಪಟ್ಟನೆ ಹರಿದು, ಅವಳ ಮುಷ್ಟಿ ಅವಳದೇ ಬಾಯಿಗೆ ಗುದ್ದುತ್ತಿತ್ತು. ಮುಂದಿನ ಹಲ್ಲನ್ನು ಹುಲ್ಲಿನಲ್ಲಿ ಹುಡುಕಬೇಕಾಗುತ್ತಿತ್ತು.

ಎದೆ ಝಲ್ಲೆಂದಿತು. ಆದರೂ ಥ್ಯಾಂಕ್ಸ್ ಹೇಳಲು ಬಾಯಿ ಬರಲಿಲ್ಲ. ಅವನ ಕುತ್ತಿಗೆಯಲ್ಲಿ ತೂಗುತ್ತಿದ್ದ ಕಾರ್ಡು ಅಷ್ಟರಲ್ಲಿ ಕಣ್ಣಿಗೆ ಬಿದ್ದಿತ್ತು. ಮುಖ್ಯ ಕೋಚ್!

'ಓ... ಅಪ್ಪನ ಕುರ್ಚಿಗೆ ಬಂದವನು ಇವನೇನಾ?'

ಅಪ್ಪ ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುತ್ತಲೇ ಈ ಕ್ಲಬ್ಬನ್ನು ಕಟ್ಟಿದವನು. ಊರಿಗೆಲ್ಲ ಮೇಷ್ಟ್ರು. ಅವಳಿಗೆ ಗುಬ್ಬಿ ಎಂದು ಹೆಸರಿಟ್ಟು, ಅವಳಿಗಿಂತ ಎತ್ತರದ ಬಿಲ್ಲನ್ನು ಅವಳ ಕೈಗೆ ಕೊಟ್ಟವನು. ಈಗ ಕಮಿಟಿಯವರಿಗೆ ಅಪ್ಪನ ವಿದ್ಯೆ ಹಳೆಯದಾಯಿತಂತೆ. ರಾಷ್ಟ್ರೀಯ ತಂಡದ ಆಯ್ಕೆ ಮುಗಿಯುವವರೆಗೆ ಹೊರಗಿನಿಂದ ಕೋಚ್ ತರಿಸಿದ್ದಾರೆ. ಅಪ್ಪ ಮೈದಾನದ ಅಂಚಿಗೆ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು, ದುರ್ಬೀನು ಹಿಡಿದು ಕೂತುಬಿಟ್ಟ.

ತಂಡದಲ್ಲಿ ಉಳಿದಿದ್ದದ್ದು ಒಂದೇ ಜಾಗ. ಅದು ತನ್ನದಾಗಬೇಕು, ಅಪ್ಪ ಕಲಿಸಿದ ಕೈಯಿಂದಲೇ ಆಗಬೇಕು! ಅವಳಿಗೆ ಬೇಕಿದ್ದದ್ದು ಅಷ್ಟೇ.

---

ಹೆಸರಿಡುವುದರಲ್ಲಿ ಅವಳದು ಎತ್ತಿದ ಕೈ. ಹೊಸ ಕೋಚ್ ಬೆಳಗಾದರೆ ಟೇಪು ಹಿಡಿದು ಬರುತ್ತಿದ್ದ. ಕಾಲಿನ ಅಂತರ ಅಳೆಯುತ್ತಿದ್ದ, ಮೊಣಕೈಯ ಎತ್ತರ ಅಳೆಯುತ್ತಿದ್ದ. ಅವಳು ಅವನಿಗೆ ಅಳತೆಪಟ್ಟಿ ಎಂದು ಹೆಸರಿಟ್ಟಳು.

"ನಿಮ್ಮ ಬಾಣ ತಪ್ಪಿದಾಗೆಲ್ಲ ಎಡಕ್ಕೇ ಹೋಗುತ್ತೆ," ಎಂದ ಅಳತೆಪಟ್ಟಿ.

"ಗೊತ್ತು. ಧೈರ್ಯ ಸಾಲದು ಅಂತಾರೆ ಅಪ್ಪ."

"ಧೈರ್ಯಕ್ಕೆ ಎಡ ಬಲ ಗೊತ್ತಿರಲ್ಲ. ಕೈಗೆ ಗೊತ್ತಿರುತ್ತೆ. ಕೈ ನೋಡ್ಲಾ?"

ಅವಳು ಮುಖ ಊದಿಸಿಕೊಂಡೇ ಬಲಗೈ ಚಾಚಿದಳು. ಅಂಗೈಯಲ್ಲಿ ರಿಲೀಸ್ ಇತ್ತು. ಬಾಣ ಬಿಡುವ ಪುಟ್ಟ ಹಿತ್ತಾಳೆಯ ಹಿಡಿ ಅದು. ಒಂದು ತುದಿಯ ಕೊಕ್ಕೆಯನ್ನು ಹೆದೆಯ ಕುಣಿಕೆಗೆ ಸಿಕ್ಕಿಸಬೇಕು. ನಾಲ್ಕು ಬೆರಳಿಗೂ ಒಂದೊಂದು ತಗ್ಗು, ಹೆಬ್ಬೆರಳಿಗೊಂದು ಗುಂಡಿ.

ತೋರುಬೆರಳು, ನಡುಬೆರಳು, ಕಿರುಬೆರಳು ತಮ್ಮ ತಮ್ಮ ತಗ್ಗಿನಲ್ಲಿದ್ದವು. ಉಂಗುರದ ಬೆರಳು ಮಾತ್ರ ನೆಟ್ಟಗೆ ಹೊರಗೆ ಚಾಚಿತ್ತು. ಅದಕ್ಕೆ ಜಾಗ ಬಿಡಲು ಇಡೀ ಕೈ ಒಂಚೂರು ಹೊರಳಿಕೊಂಡಿತ್ತು, ಮುಂಗೈ ಬಿಗಿದಿತ್ತು. ಕೈ ಹೊರಳಿದರೆ ಕುಣಿಕೆ ತಿರುಚುತ್ತದೆ, ಕುಣಿಕೆ ತಿರುಚಿದರೆ ಬಾಣ ಪಕ್ಕಕ್ಕೆ ಸರಿಯುತ್ತದೆ. ಮನಸ್ಸು ಗಾಬರಿಯಾದಷ್ಟೂ ಆ ಬಿಗಿ ಹೆಚ್ಚುತ್ತದೆ.

"ಈ ಬೆರಳಿಗೆ ಯಾವತ್ತಾದ್ರೂ ಪೆಟ್ಟಾಗಿತ್ತಾ?"

"ಇಲ್ವಲ್ಲ!"

"ಮತ್ತೆ ಯಾಕೆ ಮಡಚಲ್ಲ?"

"ರಿಲೀಸ್ ಹಿಡಿಯೋದೇ ಹೀಗೆ. ಅಪ್ಪ ಕಲಿಸಿದ್ದು," ಎಂದಳು ಬಿಗುಮಾನದಿಂದ.

ಅವನು 'ಇದು ತಪ್ಪು' ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಅವನ ಕಣ್ಣು ಮೈದಾನದ ಅಂಚಿಗೆ ಹೋಯಿತು. ಮೇಷ್ಟ್ರು ಟೀ ಕುಡಿಯುತ್ತಿದ್ದರು. ಲೋಟ ಹಿಡಿದ ಬಲಗೈಯಲ್ಲಿ ಉಂಗುರದ ಬೆರಳು ನೆಟ್ಟಗೆ ಹೊರಗೆ ನಿಂತಿತ್ತು. ಯಾವುದೋ ಕಾಲದಲ್ಲಿ ಲೇತ್ ಯಂತ್ರ ಜಜ್ಜಿದ ಬೆರಳು ಎಂದು ಕ್ಲಬ್ಬಿನವರು ಹೇಳಿದ್ದರು. ಅದು ಮಡಚುವುದೇ ಇಲ್ಲ.

ಅವನಿಗೆ ಎಲ್ಲ ಅರ್ಥವಾಗಿಹೋಯಿತು.

ಪುಟ್ಟ ಹುಡುಗಿ ಅಪ್ಪನ ಎದುರು ಕೂತು, ಅಪ್ಪನ ಕೈ ನೋಡಿ ನೋಡಿ ಕಲಿತಿದ್ದಾಳೆ. ಅವನ ವಿದ್ಯೆಯ ಜೊತೆ ಅವನ ಗಾಯವನ್ನೂ ಕಲಿತುಬಿಟ್ಟಿದ್ದಾಳೆ! ಅಪ್ಪನಿಗೆ ಅದು ಕಂಡೇ ಇಲ್ಲ. ಅವನ ದುರ್ಬೀನು ಯಾವಾಗಲೂ ಗುರಿಯ ಕಡೆಗೆ.

'ಇದನ್ನು ಬಾಯಿಬಿಟ್ಟು ಹೇಳಿದರೆ? ಮಗಳ ಬಾಣಗಳು ಎಡಕ್ಕೆ ಹೋಗಿದ್ದು ತನ್ನ ಬೆರಳಿನಿಂದ ಅಂತ ಗೊತ್ತಾದ ದಿನ ಈ ಮನುಷ್ಯ ಹೇಗೆ ಬದುಕುತ್ತಾರೆ?'

"ಏನಾಯ್ತು?" ಎಂದು ಕೇಳಿದಳು ಅವಳು.

"ಏನಿಲ್ಲ. ನಾಳೆಯಿಂದ ಸ್ವಲ್ಪ ಬೇರೆ ಥರ ಹಿಡಿದು ನೋಡೋಣ."

---

"ಎಲ್ಲ ಬೆರಳೂ ಎರಡನೇ ಗೆಣ್ಣಿನ ತನಕ ಮಡಚಿ. ಮುಷ್ಟಿ ಬಿಗಿ ಬೇಡ. ತುಂಬಿದ ಬಕೆಟ್ ಹಿಡಿದ್ರೆ ಕೈ ಹೇಗೆ ಜೋತುಬೀಳುತ್ತೆ, ಹಾಗಿರಲಿ. ಗೆಣ್ಣು ದವಡೆಯ ಹಿಂದೆ, ಕಿವಿಯ ಕೆಳಗೆ ಬಂದು ಕೂರಬೇಕು. ಪ್ರತಿ ಸಲ ಅದೇ ಜಾಗ."

"ಗುಂಡಿ ಯಾವಾಗ ಒತ್ತಲಿ?"

"ಒತ್ತಲೇಬೇಡಿ. ಹೆಬ್ಬೆರಳು ಅದರ ಮೇಲೆ ಸುಮ್ನೆ ಇರಲಿ. ಬೆನ್ನಿಂದ ಎಳೀತಾ ಹೋಗಿ, ಅದೇ ಬಿಡುತ್ತೆ."

ಮೊದಲ ದಿನಗಳಲ್ಲಿ ಗುರಿಯೇ ಇರಲಿಲ್ಲ. ನಾಲ್ಕು ಹೆಜ್ಜೆ ದೂರದ ಖಾಲಿ ಹಲಗೆಗೆ ಕಣ್ಣು ಮುಚ್ಚಿ ಬಾಣ ಬಿಡಬೇಕಿತ್ತು.

"ಕಣ್ಣು ಮುಚ್ಚಿಸಿ ಬಾಣ ಬಿಡಿಸೋಕೂ ನಿಮಗೆ ಸಂಬಳ ಕೊಡ್ತಾರಾ?"

"ಇಲ್ಲ. ನಿಮ್ಮ ಹತ್ರ ಬೈಸ್ಕೊಳ್ಳೋಕೆ ಕೊಡ್ತಾರೆ."

ಅವಳಿಗೆ ನಗು ಬಂದುಬಿಟ್ಟಿತು. ಛೆ, ಇವನ ಮುಂದೆ ನಗಬಾರದಿತ್ತು!

ಒಂದು ಬೆಳಿಗ್ಗೆ ಅವಳ ಗೆಣ್ಣು ದವಡೆಯ ಮೇಲೆ ಸರಿಯಾಗಿ ಕೂರುತ್ತಲೇ ಇರಲಿಲ್ಲ. ಅವನು ಒಪ್ಪಿಗೆ ಕೇಳಿ, ಎರಡು ಬೆರಳಿನಿಂದ ಅವಳ ಕೈಯನ್ನು ಮೆಲ್ಲಗೆ ಹಿಂದಕ್ಕೆ ಜರುಗಿಸಿದ. "ಇಲ್ಲಿ... ಉಸಿರು ಬಿಡಿ... ಹಾಂ, ಇಲ್ಲೇ."

ಕತ್ತಿಗೆ ತಾಕಿದ ಅವನ ಬೆರಳಿನ ಕೆಳಗೆ ಅವಳ ನಾಡಿ ಹುಚ್ಚು ಹಿಡಿದಂತೆ ಬಡಿದುಕೊಳ್ಳುತ್ತಿತ್ತು. 'ಅಯ್ಯೋ, ಇವನಿಗೆ ಗೊತ್ತಾಯಿತಾ?' ಅವನು ಥಟ್ಟನೆ ಕೈ ತೆಗೆದು, ಸುಮ್ಮನೆ ಸುತ್ತಿಟ್ಟಿದ್ದ ಟೇಪನ್ನು ಬಿಚ್ಚಿ ಮತ್ತೆ ಸುತ್ತತೊಡಗಿದ. ಕಿವಿ ಕೆಂಪಗಾಗಿತ್ತು.

ಮನೆಯಲ್ಲಿ ಅಕ್ಕ ಮೂಗು ತೂರಿಸದೆ ಇರುತ್ತಾಳಾ?

"ಏನೇ, ಊಟಕ್ಕೆ ಕೂತ್ರೂ ಅಳತೆಪಟ್ಟಿ, ಎದ್ರೂ ಅಳತೆಪಟ್ಟಿ! ನಿನ್ನ ಮನಸ್ಸಿನ ಅಳತೇನೂ ತಗೊಂಡ್ನಾ ಹೇಗೆ?"

"ಬಾಯ್ಮುಚ್ಚೇ! ಅವನನ್ನ ಕಂಡ್ರೆ ನಂಗೆ ಮೈ ಉರಿಯುತ್ತೆ."

ಸುಳ್ಳು. ಶುದ್ಧ ಸುಳ್ಳು. ಅವಳಿಗೂ ಗೊತ್ತಿತ್ತು.

ಆದರೆ ದೂರದ ಗುರಿಗೆ ಹೋದಾಗ ಎಲ್ಲ ಎಡವಟ್ಟಾಯಿತು. ಹೊಸ ಹಿಡಿತಕ್ಕೆ ಮೈ ಒಗ್ಗಿರಲಿಲ್ಲ. ಬಾಣಗಳು ಈಗ ಬಲಕ್ಕೆ ಹೋದವು. ಬಿಲ್ಲಿನ ಮೇಲೆ ಗುರಿ ನೋಡುವ ಸೈಟನ್ನು ಬಲಕ್ಕೆ ಎರಡು ಕ್ಲಿಕ್ ತಿರುಗಿಸಿದರೆ ಸರಿಹೋಗುತ್ತಿತ್ತು, ಆದರೆ ಅರ್ಧ ಸಲ ಬೆರಳು ಮರೆತು ಹಳೆಯ ಚಾಳಿಗೆ ಹೋಗಿಬಿಡುತ್ತಿತ್ತು. ಅಂಕಗಳು ಜಾರಿದವು. ಆಯ್ಕೆಗೆ ವಾರ ಉಳಿದಿತ್ತು.

ದುರ್ಬೀನಿನಲ್ಲಿ ಇದನ್ನೆಲ್ಲ ನೋಡುತ್ತ ಹಲ್ಲು ಕಚ್ಚಿ ಕೂತಿದ್ದ ಅಪ್ಪ ಅವತ್ತು ಎದ್ದು ಬಂದ. ಮೈದಾನದ ತುಂಬ ಜನ.

"ಏನಯ್ಯಾ! ಇಷ್ಟು ವರ್ಷ ನಾನು ತಿದ್ದಿದ ಕೈಯನ್ನ ಮೂರು ವಾರದಲ್ಲಿ ಹಾಳುಮಾಡಿ ಕೂರಿಸಿದ್ದೀಯಲ್ಲ! ಏನು ತಪ್ಪಿತ್ತು ಅವಳ ಹಿಡಿತದಲ್ಲಿ? ಹೇಳು, ಎಲ್ಲರ ಮುಂದೇನೇ ಹೇಳು!"

ಅಪ್ಪನ ಬಲಗೈ ಅವನ ಎದೆಯ ಮುಂದೆ ಚಾಚಿತ್ತು. ಆ ಬೆರಳು ನೆಟ್ಟಗೆ ನಿಂತಿತ್ತು. ಒಂದು ಮಾತು ಸಾಕಿತ್ತು. ಅವನು ಆ ಬೆರಳನ್ನು ನೋಡಿದ, ಆಮೇಲೆ ನೆಲ ನೋಡಿದ.

"ಏನೂ ತಪ್ಪಿರಲಿಲ್ಲ ಮೇಷ್ಟ್ರೇ. ತಪ್ಪು ನನ್ನದೇ."

"ಹಾಗಿದ್ರೆ ಯಾಕಯ್ಯಾ ನನ್ನ ಮಗಳ ಬಾಳಲ್ಲಿ ಆಟ ಆಡ್ತೀಯಾ?"

ಅವನು ತಲೆ ಎತ್ತಲಿಲ್ಲ. ಅಪ್ಪ ಬೈದು ಬೈದು ಸುಸ್ತಾಗಿ ಹೋಗುವವರೆಗೂ ಹಾಗೇ ನಿಂತಿದ್ದ.

ಅವಳಿಗೆ ಖುಷಿಯಾಗಬೇಕಿತ್ತು. ಅಪ್ಪ ಗೆದ್ದಿದ್ದ ತಾನೇ? ಆದರೆ ಎದೆಯೊಳಗೆ ಏನೋ ಕಿತ್ತುಬಂದಂತಾಯಿತು. ಬಿಲ್ಲುಗಳನ್ನಿಡುವ ಕೋಣೆಗೆ ಅವನ ಹಿಂದೆಯೇ ಹೋಗಿ ಬಾಗಿಲಿಗೆ ಅಡ್ಡ ನಿಂತಳು.

"ಒಂದೇ ಪ್ರಶ್ನೆ. ನನ್ನ ಕೈಯಲ್ಲಿ ತಪ್ಪಿತ್ತಾ, ಇರ್ಲಿಲ್ವಾ?"

"...ಇತ್ತು."

"ಅಪ್ಪನ ಹತ್ರ ಇರ್ಲಿಲ್ಲ ಅಂದ್ರಲ್ಲ! ಯಾರ ಹತ್ರ ಸುಳ್ಳು ಹೇಳ್ತಿದ್ದೀರಾ? ಅವರ ಹತ್ರಾನಾ, ನನ್ನ ಹತ್ರಾನಾ?"

"ಕಾರಣ ಕೇಳ್ಬೇಡಿ. ಹಿಡಿತ ಮಾತ್ರ ಬಿಡ್ಬೇಡಿ. ದಯವಿಟ್ಟು..."

"ಕಾರಣ ಇದ್ರೆ ತಾನೇ ಹೇಳೋಕೆ? ಅಪ್ಪ ಕಲಿಸಿದ್ದನ್ನೆಲ್ಲ ಅಳಿಸಿ, ನಿಮ್ಮ ಹೆಸರು ಬರ್ಕೋಬೇಕಿತ್ತು ನಿಮಗೆ! ನಾನು ನಿಮ್ಮನ್ನ ನಂಬಿದೆ... ನಾನೊಬ್ಬಳು ಪೆದ್ದಿ!"

ಕಣ್ಣು ತುಂಬಿ ಬಂತು. ಅವನ ಕೈ ಅರ್ಧ ಮುಂದೆ ಬಂದು ಅಲ್ಲೇ ನಿಂತಿತು.

"ಆಯ್ಕೆ ಮುಗಿದ ದಿನವೇ ನನ್ನ ಕೆಲಸಾನೂ ಮುಗಿಯುತ್ತೆ. ಹೊರಟುಹೋಗ್ತೀನಿ. ಆಮೇಲೆ ನನ್ನ ಮುಖ ನೋಡೋ ಕಷ್ಟ ನಿಮಗಿರಲ್ಲ."

ಅವಳು ಹೊರಬಂದು, ಸೈಟನ್ನು ಎಡಕ್ಕೆ ಎರಡು ಕ್ಲಿಕ್ ತಿರುಗಿಸಿ ಹಳೆಯ ಜಾಗಕ್ಕೆ ತಂದಳು. ಹಳೆಯ ಹಿಡಿತ. ಅಪ್ಪನ ಹಿಡಿತ. 'ಹೋಗಲಿ, ಹಾಳಾಗಿ ಹೋಗಲಿ!' ಎಂದುಕೊಂಡಳು. ಕಣ್ಣೀರು ಮಾತ್ರ ಅವಳ ಮಾತು ಕೇಳಲಿಲ್ಲ.

---

ಆಯ್ಕೆಯ ದಿನ ಗಾಳಿಯೇ ಇರಲಿಲ್ಲ. ನೆಪ ಹೇಳಲು ಏನೂ ಇರಲಿಲ್ಲ.

ಮೊದಲ ಸುತ್ತುಗಳಲ್ಲಿ ಅಪ್ಪನ ಹಿಡಿತ ಕೈಕೊಡಲಿಲ್ಲ. ಹತ್ತು, ಒಂಬತ್ತು, ಹತ್ತು. ಅಪ್ಪ ಕುರ್ಚಿಯಿಂದಲೇ ಹೆಬ್ಬೆರಳು ಎತ್ತಿದ. ಅವಳು ಬೇಕೆಂದೇ ಅಳತೆಪಟ್ಟಿಯ ಕಡೆ ನೋಡಿದಳು. ನೋಡಿದಿರಾ?

ಆದರೆ ಅಂಕದ ಹಲಗೆಯಲ್ಲಿ ಹೆಸರುಗಳು ಮೇಲೆ ಕೆಳಗೆ ಆಗತೊಡಗಿದಂತೆ ಎದೆ ಬಡಿತ ಏರಿತು. ಮುಂಗೈ ಬಿಗಿಯಿತು. ಎಂಟು... ಎಡಕ್ಕೆ. ಮತ್ತೆ ಎಂಟು, ಎಡಕ್ಕೆ! ಉದ್ದ ಜಡೆಯ ಹುಡುಗಿಯೊಬ್ಬಳು ಅವಳನ್ನು ಹಿಂದೆ ಹಾಕಿ ತಂಡದ ಕೊನೆಯ ಜಾಗಕ್ಕೆ ಏರಿದಳು.

ಕೊನೆಯ ಸುತ್ತಿಗೆ ಮುಂಚೆ ಸಣ್ಣ ವಿರಾಮ. ಮೊದಲ ಗುಂಪು ಬಾಣ ಬಿಟ್ಟು ಮುಗಿಸಿತ್ತು. ಜಡೆಯ ಹುಡುಗಿಯ ಲೆಕ್ಕ ಮುಗಿದಿತ್ತು. ಇವಳದು ಎರಡನೇ ಗುಂಪು. ಮೂರು ಬಾಣ ಉಳಿದಿದ್ದವು. ಮೂರೂ ಹತ್ತೇ ಆದರೆ ಜಾಗ ಇವಳದು. ಒಂದೇ ಒಂದು ಒಂಬತ್ತು ಬಿದ್ದರೂ ಮುಗಿಯಿತು.

ಅಪ್ಪ ಪೇಪರ್ ಲೋಟದಲ್ಲಿ ನೀರು ತಂದುಕೊಟ್ಟು, ತಾನೂ ಒಂದು ಲೋಟ ಹಿಡಿದು ಪಕ್ಕದಲ್ಲಿ ಕೂತ.

"ಧೈರ್ಯ ತಗೋ ಗುಬ್ಬಿ. ಕೈ ಚೆನ್ನಾಗೇ ಇದೆ."

ಅವಳು ಲೋಟವನ್ನು ತುಟಿಗೆ ತಂದಳು. ಪಕ್ಕದಲ್ಲಿ ಅಪ್ಪನೂ ತಂದ.

ಎರಡು ಲೋಟ, ಎರಡು ಕೈ. ಎರಡರಲ್ಲೂ ಉಂಗುರದ ಬೆರಳು ನೆಟ್ಟಗೆ ಹೊರಗೆ!

ಅವಳು ನೀರು ಕುಡಿಯದೆ ಲೋಟ ಕೆಳಗಿಟ್ಟಳು. 'ಅಪ್ಪನ ಬೆರಳು ಯಂತ್ರಕ್ಕೆ ಸಿಕ್ಕಿತ್ತು. ನನ್ನದಕ್ಕೆ ಏನಾಗಿದೆ?'

ಈ ಬೆರಳಿಗೆ ಯಾವತ್ತಾದ್ರೂ ಪೆಟ್ಟಾಗಿತ್ತಾ ಎಂದು ಅವನು ಕೇಳಿದ್ದ. ಅವತ್ತೇ ಅವನಿಗೆ ಗೊತ್ತಾಗಿತ್ತು! ಗೊತ್ತಿದ್ದೂ ಹೇಳಲಿಲ್ಲ. ಮೈದಾನದ ಮಧ್ಯೆ ಅಷ್ಟೊಂದು ಬೈಸಿಕೊಂಡ. ತಪ್ಪು ನನ್ನದೇ ಎಂದ. ಯಾರನ್ನು ಉಳಿಸಲು?

ಅವಳು ಗಾಬರಿಯಿಂದ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು. ತಡವಾಗಿತ್ತು. ಅಪ್ಪನ ದೃಷ್ಟಿ ಅಲ್ಲೇ ನೆಟ್ಟಿತ್ತು.

"ಗುಬ್ಬಿ... ಕೈ ತೋರಿಸು."

"ಏನಿಲ್ಲಪ್ಪಾ..."

"ತೋರಿಸು ಅಂದೆ."

ಅಪ್ಪ ಅವಳ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡ. ಆ ಬೆರಳನ್ನು ಹಿಡಿದು, ಮುರಿದೀತೇನೋ ಎಂಬಂತೆ ಮೆಲ್ಲಗೆ ಒಳಕ್ಕೆ ಮಡಚಿದ. ಅದು ಸಲೀಸಾಗಿ ಮಡಚಿತು.

"ಮಡಚುತ್ತೆ..." ಎಂದ. ಮತ್ತೊಮ್ಮೆ ಬಿಡಿಸಿ, ಮತ್ತೊಮ್ಮೆ ಮಡಚಿದ. "ಮಡಚುತ್ತಲ್ಲೇ, ಕಂದಾ! ಉಳಿದ ಮಕ್ಕಳಿಗೆಲ್ಲ ಬಾಯಲ್ಲಿ ಹೇಳಿಕೊಟ್ಟೆ. ನಿಂಗೊಬ್ಬಳಿಗೆ ನನ್ನ ಕೈ ನೋಡು ಅಂದೆ. ನೀನು ಅಷ್ಟೂ ನೋಡಿಬಿಟ್ಟೆ..."

"ಅಪ್ಪಾ, ನಾನು ಹೀಗೇ ಬಿಡ್ತೀನಿ. ನಂಗೆ ಇದೇ ಸಾಕು," ಎಂದು ಅವಳು ಬಿಕ್ಕಿದಳು.

"ಹುಚ್ಚೀ! ನನ್ನ ಬೆರಳು ನಂಗಿರಲಿ. ನಿನ್ನದು ದೇವರು ಚೆನ್ನಾಗಿ ಕೊಟ್ಟಿದಾನೆ." ಅಪ್ಪ ಕಣ್ಣೊರೆಸಿಕೊಂಡು ರಿಲೀಸನ್ನು ಅವಳ ಅಂಗೈಗಿಟ್ಟ. "ಆ ಹುಡುಗ ಹೇಳಿದ ಹಾಗೆ ಹಿಡಿ. ಹೋಗು."

---

ಪೀಪಿ ಕೂಗಿತು. ಅವಳು ಗೆರೆಯ ಮೇಲೆ ನಿಂತು ಸೈಟನ್ನು ಬಲಕ್ಕೆ ತಿರುಗಿಸಿದಳು. ಒಂದು ಕ್ಲಿಕ್. ಇನ್ನೊಂದು.

ಹಿಂದೆ, ಅಪ್ಪನ ಕುರ್ಚಿಯ ಪಕ್ಕ ನಿಂತಿದ್ದ ಅಳತೆಪಟ್ಟಿ ಆ ಸದ್ದು ಕೇಳಿ ಬೆಚ್ಚಿ ತಲೆ ಎತ್ತಿದ.

ಎಲ್ಲ ಬೆರಳೂ ಎರಡನೇ ಗೆಣ್ಣಿನ ತನಕ. ಗೆಣ್ಣು ದವಡೆಯ ಹಿಂದೆ. ಬೆನ್ನಿನಿಂದ ಎಳೆ... ಎಳೆ... ಬಾಣ ಅವಳಿಗೇ ಹೇಳದೆ ಹೊರಟುಹೋಯಿತು.

ಹತ್ತು!

ಅಪ್ಪ ಮೊದಲ ಸಲ ದುರ್ಬೀನನ್ನು ತೊಡೆಯ ಮೇಲಿಟ್ಟುಬಿಟ್ಟಿದ್ದ. ಅವನು ಗುರಿಯನ್ನು ನೋಡುತ್ತಿರಲಿಲ್ಲ. ಮಗಳ ಕೈಯನ್ನು ನೋಡುತ್ತಿದ್ದ.

ಎರಡನೇ ಬಾಣ. ಹತ್ತು!

"ನಿಂಗೆ ಗೊತ್ತಿತ್ತಾ?" ಎಂದು ಅಪ್ಪ ಪಕ್ಕದಲ್ಲಿ ನಿಂತವನನ್ನು ಪಿಸುಮಾತಿನಲ್ಲಿ ಕೇಳಿದ.

"...ಹ್ಞೂಂ, ಮೇಷ್ಟ್ರೇ."

"ಅಷ್ಟು ಜನರ ಮುಂದೆ ಬೈದ್ನಲ್ಲೋ! ಒಂದು ಮಾತು ಹೇಳಬಾರದಿತ್ತಾ?"

ಅಪ್ಪ ಅವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡ.

ಮೂರನೇ ಬಾಣ. ಬೆವರು ಹುಬ್ಬಿನಿಂದ ಇಳಿಯಿತು. ಬೆರಳು ಹಳೆಯ ಚಾಳಿಗೆ ಹೊರಗೆ ಜಾರಲು ನೋಡಿತು. ಬೇಡ... ಬೇಡ! ಅವಳು ಎಳೆದಿದ್ದನ್ನು ಹಾಗೇ ಇಳಿಸಿ, ಉಸಿರು ಬಿಟ್ಟು, ಬೆರಳನ್ನು ಮತ್ತೆ ತಗ್ಗಿನಲ್ಲಿ ಕೂರಿಸಿ, ಮತ್ತೆ ಎತ್ತಿದಳು. ಗಡಿಯಾರ ಓಡುತ್ತಿತ್ತು. ಎಳೆ... ಇನ್ನೂ ಎಳೆ...

ಠಪ್!

ಬಾಣ ಹತ್ತರ ಗೆರೆಯ ಪಕ್ಕದಲ್ಲೇ ನಾಟಿತ್ತು. ಗೆರೆ ಮುಟ್ಟಿದೆಯೋ, ಇಲ್ಲವೋ? ತೀರ್ಪುಗಾರ್ತಿ ಭೂತಕನ್ನಡಿ ಹಿಡಿದು ಬಗ್ಗಿದಳು. ಆ ಕಡೆಯಿಂದ ನೋಡಿದಳು, ಈ ಕಡೆಯಿಂದ ನೋಡಿದಳು.

"ಹತ್ತು."

ಅಪ್ಪ ಕುರ್ಚಿಯನ್ನೇ ಬೀಳಿಸಿಕೊಂಡು ಓಡಿಬಂದ. ಅವಳು ಅಪ್ಪನ ಎದೆಗೆ ಒರಗಿ ಮನಸಾರೆ ಅತ್ತಳು. ಕಣ್ಣು ಒರೆಸಿಕೊಂಡು ಅತ್ತಿತ್ತ ನೋಡಿದರೆ ಅವನು ಅಲ್ಲಿರಲಿಲ್ಲ.

---

ಕೋಣೆಯಲ್ಲಿ ಅವನು ಬ್ಯಾಗಿನ ಜಿಪ್ ಎಳೆಯುತ್ತಿದ್ದ. ಬಾಗಿಲಲ್ಲಿ ಅವಳ ನೆರಳು ಬಿದ್ದಾಗ ತಿರುಗಲಿಲ್ಲ.

"ಅಭಿನಂದನೆ. ಇವತ್ತಿಂದ ನಾನು ನಿಮ್ಮ ಕೋಚ್ ಅಲ್ಲ."

"ಒಳ್ಳೇದಾಯ್ತು. ಕೋಚ್ ಹತ್ರ ಹೇಳೋಕಾಗದ ಮಾತೊಂದಿದೆ."

ಜಿಪ್ ಅರ್ಧದಲ್ಲೇ ನಿಂತಿತು.

"ನಾನು ನಿಮಗೆ ಏನೇನೋ ಅಂದೆ," ಎಂದಳು. "ನನ್ನ ಅಪ್ಪನ ಮರ್ಯಾದೆಗೋಸ್ಕರ ನಿಮ್ಮ ಮರ್ಯಾದೆ ಬಿಟ್ಕೊಟ್ರಿ. ನನ್ನ ಹತ್ರಾನೂ ಹೇಳ್ಲಿಲ್ಲ. ಯಾಕೆ?"

"ಹೇಳಿದ್ರೆ ನೀವು ಪ್ರತಿ ಸಲ ಬೆರಳು ಮಡಚುವಾಗ ಅಪ್ಪನ್ನ ನೆನೆದು ನೋಯ್ತಿದ್ರಿ. ನೀವು ನನ್ನನ್ನ ದ್ವೇಷಿಸೋದು ಅದಕ್ಕಿಂತ ವಾಸಿ ಅನ್ನಿಸ್ತು." ಅವನು ಈಗ ತಿರುಗಿದ. ಕಣ್ಣುಗಳು ಕೆಂಪಾಗಿದ್ದವು. "ವಾಸಿ ಅಂದ್ಕೊಂಡಿದ್ದೆ. ಆದ್ರೆ ಈ ಒಂದು ವಾರ ನನ್ನಿಂದ ಊಟ ಮಾಡೋಕೆ ಆಗಿಲ್ಲ."

"ನಂಗೂ ಆಗಿಲ್ಲ."

ಹೊರಗೆ ಯಾರೋ ಗುರಿಹಲಗೆಗಳನ್ನು ಎಳೆದುಕೊಂಡು ಹೋಗುತ್ತಿದ್ದರು.

"ನಿಮ್ಮನ್ನ ಕಂಡ್ರೆ ಮೈ ಉರಿಯುತ್ತೆ ಅಂತ ಅಕ್ಕನ ಹತ್ರ ದಿನಾ ಹೇಳ್ತಿದ್ದೆ," ಎಂದಳು ಅವಳು. "ಸುಳ್ಳು ಹೇಳಿ ಹೇಳಿ ಸಾಕಾಗಿದೆ. ನಂಗೆ ನೀವು ಬೇಕು. ಹೋಗ್ಬೇಡಿ."

ಅವನು ಬ್ಯಾಗನ್ನು ನೆಲಕ್ಕಿಳಿಸಿ ಹತ್ತಿರ ಬಂದ. ಅವಳ ಬಲಗೈಯನ್ನು ತನ್ನೆರಡೂ ಕೈಗಳಲ್ಲಿ ತೆಗೆದುಕೊಂಡು, ಆ ಬೆರಳಿಗೆ ಹಣೆ ತಾಕಿಸಿ ಕಣ್ಣು ಮುಚ್ಚಿದ.

"ಹೋಗಲ್ಲ," ಎಂದ. "ಆದ್ರೆ... ಮೇಷ್ಟ್ರ ಹತ್ರ ಯಾರು ಹೇಳೋದು?"

"ನೀವೇ."

"ಅಯ್ಯೋ! ಅವರು ಮತ್ತೆ ಬೈದ್ರೆ?"

ಅವಳು ಅಳುತ್ತಲೇ ನಕ್ಕಳು. ಅವನ ಬೆರಳುಗಳ ನಡುವೆ ತನ್ನ ಬೆರಳುಗಳನ್ನು ಸೇರಿಸಿ ಬಾಗಿಲಿನ ಕಡೆ ಎಳೆದಳು.

"ಬೈಸ್ಕೊಳ್ಳಿ. ಈ ಸಲ ಪಕ್ಕದಲ್ಲಿ ನಾನೂ ನಿಂತಿರ್ತೀನಿ."